ಉಣ್ಣೆ ಎಳೆಯ ತುದಿಗೆ ನೀರು

ಅವ್ವ ಮಡಿಯಲ್ಲಿದ್ದಾಗ ನನ್ನ ಹೆಂಡತಿ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಹೆಂಡತಿಯದು ಸುಲೇಪೇಟ ಕಡೆಯ ಒಕ್ಕಲು ಮನೆತನ, ನಮ್ಮದು ಶಹಾಬಾದದ ವೈಷ್ಣವರ ಮನೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ತುಂಬಿದ ಕೊಡದ ನೀರು ದೇವರ ಮುಂದೆ ಹೋಗಿಲ್ಲ. ನಾನು ಇದನ್ನು ಒಪ್ಪಿಲ್ಲ, ತಡೆದೂ ಇಲ್ಲ.

ಆದರೆ ಉಣ್ಣೆಗೆ ಮೈಲಿಗೆಯಿಲ್ಲ ಎಂಬುದು ಅವ್ವನ ಶಾಸ್ತ್ರ. ಪೂಜೆಗೆ ಹೊದೆಯುವ ಉಣ್ಣೆಯ ಧಾಬಳಿಯನ್ನು ಯಾರು ಮುಟ್ಟಿದರೂ ಅದು ಮಡಿಯೇ. ಎರಡು ಚಳಿಗಾಲದ ಹಿಂದೆ ಅವ್ವನ ಧಾಬಳಿ ಹರಿಯತೊಡಗಿದಾಗ ಹೆಂಡತಿ, "ಶುದ್ಧ ಉಣ್ಣಿ ತರಿಸಿ ಶಾಲು ಹೆಣದು ಕೊಡ್ತೀನ್ರಿ ಅತ್ತಿ. ಪೂಜಾಕ ಹೊದ್ಕೋರಿ," ಅಂದಳು. ಅವ್ವ ಬತ್ತಿ ಹೊಸೆಯುತ್ತಲೇ, "ಹೆಣಿ ಹಂಗಾರ," ಅಂದಳು. ನಮ್ಮ ಮನೆಯಲ್ಲಿ ಹೆಂಡತಿಗೆ ಸಿಕ್ಕ ಮೊದಲ ಒಪ್ಪಿಗೆ ಅದು.

ಹೈದರಾಬಾದಿನಿಂದ ತರಿಸಿದ ಉಣ್ಣೆ. ಮೈತುಂಬ ತೊಗರಿಕಾಳಿನಂತೆ ಉಬ್ಬುವ ಹೆಣಿಗೆ. ಒಂದು ದಿನ ಮಧ್ಯಾಹ್ನ, ಸಾಲಿನ ನಟ್ಟನಡುವೆ ಉಂಡೆ ಮುಗಿಯಿತು. ಅಂಚಿನವರೆಗೆ ದಾರ ಸಾಲದು, ಬಿಚ್ಚಲು ಅವಳಿಗೆ ಮನಸ್ಸಿಲ್ಲ. ಅಲ್ಲಿ ಗಂಟು ಹಾಕಿದರೆ ಅದೂ ಒಂದು ಕಾಳಿನಂತೆ ಎದ್ದು, ತಪ್ಪು ಜಾಗದಲ್ಲಿ ಕಾಣುತ್ತದೆ. ಹಳೆ ದಾರದ ತುದಿ, ಹೊಸ ದಾರದ ತುದಿ ಎರಡರ ಎಳೆಗಳನ್ನೂ ಬಿಡಿಸಿ, ಒಂದರ ಮೇಲೊಂದು ಇಟ್ಟು, ಒದ್ದೆ ಮಾಡಿ, ಅಂಗೈಗಳ ನಡುವೆ ಉಜ್ಜಿದಳು. ಉಣ್ಣೆ ಬಿಸಿಯೇರಿ ಒಂದಕ್ಕೊಂದು ಕಚ್ಚಿಕೊಂಡಿತು. ಎಳೆದರೂ ಬರಲಿಲ್ಲ.

ಸೇಡಂನಿಂದ ಬಂದಿದ್ದ ಮಾವಶಿ, ಅವ್ವನ ತಂಗಿ, ತೂಗುಮಂಚದಿಂದ ಇದನ್ನು ನೋಡುತ್ತಿದ್ದಳು.

"ಏನು ಹಚ್ಚಿ ತಿಕ್ಕಲಿಕತ್ತೀಯವಾ? ಎಂಜಲಾ?"

"ನೀರ್ರಿ."

"ಹೌದವಾ ಹೌದು. ಸೂಜ್ಯಾಗ ದಾರ ಪೋಣಸಾಗ ನಾಲಗಿಗೆ ಮುಟ್ಟಸದವ್ರು ಯಾರದಾರ?" ಮಾವಶಿ ಅವ್ವನ ಕಡೆ ತಿರುಗಿದಳು. "ನೋಡವಾ ಅಕ್ಕಾ, ಉಣ್ಣಿಗೆ ಮೈಲಿಗಿಲ್ಲ ಖರೆ. ಎಂಜಲಾದ್ರ ಹ್ಯಾಂಗ?"

ಅವ್ವ ನನ್ನನ್ನು ಕೇಳಿದಳು: "ನೀ ಅಕಿ ಬಾಜೂಕೇ ಕುಂತಿದ್ದೆಲಾ. ನೀರೇ ಹೌದಲ್ಲೋ?"

ನಾನು ಮೊಬೈಲಿನಲ್ಲಿ ಏನೋ ಓದುತ್ತಿದ್ದೆ. "ನೋಡಿಲ್ಲವ್ವ," ಅಂದೆ.

"ನೀರಿನ ತಂಬಗಿ ತಂದಿಟ್ಟವ್ರು ನೀವೇ ಅಲ್ರಿ," ಹೆಂಡತಿ ಅಂದಳು.

"ತಂದಿರಬೇಕು."

ಮಾವಶಿ ನಕ್ಕಳು. "ಇಷ್ಟು ಓದಿದ ಮಗ, 'ಇರಬೇಕು' ಅಂತಾನ."

ತಂಬಿಗೆ ನನಗೆ ನೆನಪಿದೆ. ಕಲ್ಲುಹಾಸಿನ ಮೇಲೆ ಅದರ ಬುಡ ಮೂಡಿಸಿದ ಒದ್ದೆ ಉಂಗುರವೂ ನೆನಪಿದೆ. ಆದರೆ ಅವಳು ದಾರದ ತುದಿಯನ್ನು ತುಟಿಗೆ ಒಯ್ದದ್ದೂ ಅಷ್ಟೇ ಸ್ಪಷ್ಟವಾಗಿದೆ. ಅದು ಆ ದಿನದ್ದೋ, ನನ್ನ ಅಂಗಿಗೆ ಗುಂಡಿ ಹಚ್ಚಿದ ಇನ್ಯಾವುದೋ ದಿನದ್ದೋ? ಅಥವಾ ಮಾವಶಿಯ ಮಾತು ಕೇಳಿದ ಮೇಲೆ ನಾನೇ ಕಟ್ಟಿಕೊಂಡದ್ದೋ? ಚಿತ್ತಾಪುರದ ಕಾಲೇಜಿನಲ್ಲಿ ಇತಿಹಾಸ ಹೇಳುವವನು ನಾನು. ಒಬ್ಬನೇ ಸಾಕ್ಷಿಯ ಮಾತು ನಂಬಬೇಡಿ ಎಂದು ಹುಡುಗರಿಗೆ ಹೇಳಿ ಸಂಬಳ ತಗೊಳ್ಳುತ್ತೇನೆ. ಎಂಜಲು, ಮಡಿ ಎರಡನ್ನೂ ನಂಬದವನಿಗೆ 'ನೀರೇ' ಅನ್ನಲು ಏನು ಅಡ್ಡಿಯಿತ್ತು? ಆಗ ಅದನ್ನು ಪ್ರಾಮಾಣಿಕತೆ ಅಂದುಕೊಂಡಿದ್ದೆ.

ಹೆಂಡತಿ ಶಾಲು ಮುಗಿಸಿಯೇ ಕೊಟ್ಟಳು. ಜೋಡಿಸಿದ ಜಾಗ ಈಗ ಅವಳಿಗೂ ಸಿಗುವುದಿಲ್ಲ. ಅವ್ವ ಅದನ್ನು ಹೊದ್ದು ವಾಡಿಗೆ ರೈಲಿನಲ್ಲಿ ಹೋಗುತ್ತಾಳೆ, ಮದುವೆ ಮುಂಜಿಗಳಿಗೆ ಹೋಗುತ್ತಾಳೆ, "ನಮ್ಮ ಸೊಸಿ ಹೆಣದದ್ದು" ಅಂತ ತೋರಿಸುತ್ತಾಳೆ. ಪೂಜೆಗೆ ಮಾತ್ರ ತೇಪೆ ಹಾಕಿದ ಹಳೆ ಧಾಬಳಿ.

ಈ ಸಲ ಚಳಿ ಜೋರಾಗಿತ್ತು. ಒಂದು ಮುಂಜಾನೆ ಸ್ನಾನ ಮುಗಿಸಿ ನಡುಗುತ್ತಿದ್ದ ಅವ್ವ ದೇವರ ಕೋಣೆಯ ಬಾಗಿಲಲ್ಲಿ ನಿಂತು, "ಈಗರ ಹೇಳೋ. ನೀರು ಅಂದುಬಿಡು, ನಾ ನಂಬ್ತೀನಿ. ಆ ಶಾಲು ತಗೋತೀನಿ," ಅಂದಳು.

ಅವ್ವ ಸತ್ಯ ಕೇಳುತ್ತಿರಲಿಲ್ಲ. ಅಂದೂ ಕೇಳಿರಲಿಲ್ಲವೇನೋ; ತಂಗಿಯ ಮುಂದೆ ಅವಳಿಗೆ ನನ್ನ ಒಂದು ಮಾತು ಬೇಕಾಗಿತ್ತು.

ಹೊಸ್ತಿಲಾಚೆ ಕಸ ಗುಡಿಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಬ್ಯಾಡ್ರಿ, ಈಗ ಹೇಳಬ್ಯಾಡ್ರಿ," ಅಂದಳು. "ಅವತ್ತು ನೆನಪಿಲ್ದದ್ದು ಇವತ್ತು ಹ್ಯಾಂಗ ನೆನಪಾತು ಅಂತ ನಾನೇ ಕೇಳಬೇಕಾಗ್ತದ."

ನಾನು ಬಾಯಿ ತೆರೆದಿದ್ದೆ. ಏನು ಹೇಳಲು ಹೊರಟಿದ್ದೆನೋ, ಈಗ ಅದೂ ಖಾತ್ರಿಯಿಲ್ಲ. ಅವ್ವ ಹಳೆ ಧಾಬಳಿಯನ್ನೇ ಎಳೆದುಕೊಂಡು ಒಳಗೆ ಹೋದಳು.