ಬಾಣಂತಿ ಕೋಳಿಯ ಬಾಯಲ್ಲಿ ಬೆಳ್ಳುಳ್ಳಿ

"ಸರಿಯಾಗಿ ಹಿಡ್ಕಳಾ! ತಲೆ ಕೆಳಗೆ ಮಾಡು!" ಅಮ್ಮ ಕೂಗಿದಳು.

ನಾನು ಕೋಳಿಯ ಕಾಲು ಹಿಡಿದು ತಲೆಕೆಳಗೆ ಮಾಡಿದೆ. ಅಮ್ಮ ಅದರ ಕೊರಳ ಚೀಲಕ್ಕೆ ಎಣ್ಣೆ ಹಚ್ಚಿ ಮೆಲ್ಲಗೆ ನೀವಿದಳು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನೀವುತ್ತ ನೀವುತ್ತ ಕೊಕ್ಕಿನಿಂದ ಏನೋ ಅಂಗಳಕ್ಕೆ ಬಿತ್ತು. ಅನ್ನ! ಮುದ್ದೆ ಮುದ್ದೆ ಬಿಳಿ ಅನ್ನ. ಅದರ ಜೊತೆ ಬೆಳ್ಳುಳ್ಳಿ. ಕರಿಮೆಣಸಿನ ಚೂರು.

ನಾನು ಗಾಬರಿಯಲ್ಲಿ ಕೋಳಿಯನ್ನು ಕೈಬಿಟ್ಟೆ.

ಬೆಳ್ಳುಳ್ಳಿ ತಿನ್ನುವ ಕೋಳಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ.

ಈ ಕೋಳಿ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. (ಹೋದ ವಾರ ಇದೇ ಪೇಪರಿನಲ್ಲಿ ಬಸ್ಸಿನ ವಿಷಯ ಬರೆದಾಗ ತಲೆಬುಡ ಇಲ್ಲ ಅಂತ ತೀರ್ಥಹಳ್ಳಿಯ ಒಬ್ಬರು ಬೈದರು. ಓದಿದ್ದು ನಾಲ್ಕನೇ ಕ್ಲಾಸು, ನನಗೆ ಬರುವುದು ಇಷ್ಟೇ.) ನನ್ನ ಅಕ್ಕ ಗಿರಿಜ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಾಳೆ. ಗಂಡುಮಗು ಆಗಿದೆ. ಪುರುಡಿನ ಸೂತಕ ಕಳೆದ ಮೇಲೆ ಬಾಣಂತಿಗೆ ನಾಟಿಕೋಳಿ ಸಾರು ಕುಡಿಸಬೇಕು, ಸೊಂಟಕ್ಕೆ ಶಕ್ತಿ ಬರುತ್ತದೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದು ಇದ್ದದ್ದೇ. ಅದಕ್ಕಂತಲೇ ಒಂದು ಕೋಳಿ ಬಿಟ್ಟಿರುತ್ತಾರೆ. ಅದನ್ನು ಮಾರುವುದಿಲ್ಲ, ನೆಂಟರು ಬಂದರೂ ಕೊಯ್ಯುವುದಿಲ್ಲ. ಅದು ಬಾಣಂತಿ ಕೋಳಿ.

ನಮ್ಮ ಬಾಣಂತಿ ಕೋಳಿಯ ಕಾಲಿಗೆ ಮುಂಗುಸಿ ಬಾಯಿ ಹಾಕಿತು. ಹೇಗೋ ಬಿಡಿಸಿದೆವು. ಅಮ್ಮ ಗಾಯಕ್ಕೆ ಅರಿಶಿನ ಮೆತ್ತಿ, ಬೆಚ್ಚಗಿರಲಿ ಅಂತ ಅಕ್ಕನ ಕೋಣೆಯಲ್ಲೇ ಬುಟ್ಟಿ ಕವುಚಿ ಇಟ್ಟಳು. ಬಾಣಂತಿಗೆ ಕೆಂಡ ಇಟ್ಟಿರುತ್ತಾರಲ್ಲ, ಕೋಳಿಗೂ ಅದೇ ಕಾವು.

ಕಾಲು ವಾಸಿ ಆಯಿತು. ಆದರೆ ಕೋಳಿ ತಿನ್ನುವುದನ್ನು ಬಿಟ್ಟಿತು.

ಭತ್ತ ಹಾಕಿದೆ, ಮೂಸಲಿಲ್ಲ. ನುಚ್ಚು ಹಾಕಿದೆ, ತಲೆ ತಿರುಗಿಸಿತು. ಗೆದ್ದಲು ಹುತ್ತ ಒಡೆದು ತಂದು ಸುರಿದೆ. ಗೆದ್ದಲು ಅಂದರೆ ಕೋಳಿ ಜೀವ ಬಿಡುತ್ತದೆ, ಅಲ್ಲವೇ? ಇದು ಗೆದ್ದಲ ಮೇಲೇ ಕಾಲಿಟ್ಟು ಕಣ್ಣು ಮುಚ್ಚಿ ನಿಂತಿತು! ಒಣಮೀನು ಜಜ್ಜಿ ಹಾಕಿದೆ. ಅದನ್ನು ಬೆಕ್ಕು ತಿಂದಿತು.

"ಎಂತ ಮಾರಾಯ್ತಿ, ಮೈಸೂರು ಮಹಾರಾಜರ ಕೋಳಿಯನೇ ಇದು?" ಅಂತ ಅಮ್ಮನನ್ನು ಕೇಳಿದೆ.

"ಬಾಯಿ ಮುಚ್ಕಂಡು ದನದ ಡಾಕ್ಟ್ರ ಹತ್ರ ತಗಂಡು ಹೋಗು. ಇದು ಸತ್ರೆ ನಿಮ್ಮಕ್ಕಂಗೆ ಎಂತ ಕೊಡ್ಲಿ, ನಿನ್ ತಲೆನಾ?"

ಕೋಳಿಯನ್ನು ಚೀಲಕ್ಕೆ ಹಾಕಿಕೊಂಡು ಹೊಸನಗರದ ಬಸ್ ಹತ್ತಿದೆ. ಇಡೀ ಬಸ್ಸೇ ನಕ್ಕಿತು. "ಸಾರು ಮಾಡಾದು ಬಿಟ್ಟು ಆಸ್ಪತ್ರೆಗೆ ಹೊತ್ಕಂಡು ಹೋಗ್ತನಲ್ರೋ!" ಅಂದ ಕಂಡಕ್ಟರ್. ಅಲ್ಲಿ ಹೋದರೆ ಡಾಕ್ಟರು ಊರಲ್ಲೇ ಇಲ್ಲ. ಬಂದ ದಾರಿಗೆ ಸುಂಕ ಇಲ್ಲದ ಹಾಗೆ ವಾಪಸು ಬಂದೆ.

ಮನೆಯೊಳಗೆ ಕೂಸು ಕಿರುಚುತ್ತಿತ್ತು. ಒಂದೇ ಸಮ. ಅಕ್ಕನಿಗೆ ಹಾಲು ಸಾಲುತ್ತಿರಲಿಲ್ಲ. ಅಮ್ಮ ದೃಷ್ಟಿ ಆಗಿದೆ ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದಳು. "ಊಟ ಏನೂ ಕಮ್ಮಿ ಮಾಡಿಲ್ಲ ಅವ್ಳು. ತಟ್ಟೆ ತೊಳ್ದಂಗೆ ಖಾಲಿ ಮಾಡ್ತಾಳೆ. ಮತ್ತೆ ಹಾಲು ಯಾಕೆ ಇಲ್ಲ?" ಅಂತ ಗೊಣಗಿದಳು. ಆಮೇಲೆ ಕೋಳಿಯ ಕೊರಳು ಮುಟ್ಟಿ ನೋಡಿ, ಇಲ್ಲೇ ಏನೋ ಕಟ್ಟಿಕೊಂಡಿದೆ ಅಂತ ಅಂಗಳಕ್ಕೆ ತಂದಳು. ಆಗಲೇ ಆ ಅನ್ನ ಬಿದ್ದದ್ದು.

ನಮ್ಮ ಮನೆಯಲ್ಲಿ ನಾವೆಲ್ಲ ಕುಡಿಯುವುದು ಗಂಜಿ. ಹಳೇ ಅಕ್ಕಿಯ ಒಣ ಅನ್ನ, ಸುಟ್ಟ ಬೆಳ್ಳುಳ್ಳಿ, ಜಜ್ಜಿದ ಕರಿಮೆಣಸು ಬಾಣಂತಿ ಅಕ್ಕನೊಬ್ಬಳಿಗೇ ಪಥ್ಯ.

ಅಮ್ಮ ಕೋಣೆಗೆ ನುಗ್ಗಿದಳು. ನಾನು ಬಾಗಿಲಲ್ಲಿ ನಿಂತೆ.

"ಗಿರಿಜಾ, ನಿನ್ ಅನ್ನ ಯಾರು ತಿಂತಿದ್ರು?"

ಅಕ್ಕ ಬುಟ್ಟಿಯ ಕಡೆ ನೋಡಿದಳು. ಆಮೇಲೆ ಅಳಲು ಶುರು ಮಾಡಿದಳು.

"ನಂಗೆ ಇಳಿಯಲ್ಲ ಅಮ್ಮ. ಒಣಾ ಅನ್ನ ಗಂಟ್ಲಲ್ಲೇ ನಿಂತ್ಕತ್ತದೆ. ನೀರು ಕೇಳಿದ್ರೆ ಹೊಟ್ಟೆ ದಪ್ಪ ಆಗ್ತದೆ, ಕೂಸಿಗೆ ಶೀತ ಆಗ್ತದೆ ಅಂತೀಯ. ಬಿಟ್ರೆ ಬೈತೀಯ. ಅದ್ಕೆ ಕೋಳಿಗೆ ಹಾಕ್ದೆ."

ಹೊಟ್ಟೆ ತುಂಬ ತಿಂದ ಕೋಳಿಗೆ ನಾನು ಗೆದ್ದಲು ತಂದು ಉಪಚಾರ ಮಾಡುತ್ತಿದ್ದೆ! ಗೋಡೆಗೆ ಒರಗಿದ್ದ ಅಕ್ಕನ ತುಟಿ ಒಡೆದು ರಕ್ತ ಕಟ್ಟಿತ್ತು. ಇಷ್ಟು ದಿನ ಆ ಕೋಣೆಗೆ ಹೋದವನು ನಾನು ನೋಡಿದ್ದು ಬುಟ್ಟಿಯೊಳಗೆ ಮಾತ್ರ.

ಅಮ್ಮ ಅಳುತ್ತಾಳೆ ಅಂದುಕೊಂಡೆ. ಇಲ್ಲ. "ನಾವೆಲ್ಲ ಹಿಂಗೇ ಬಾಣಂತನ ಮಾಡಿಸ್ಕಂಡೋರು. ಇವ್ಳೊಬ್ಬಳು ನಾಜೂಕು!" ಅಂದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಹೋಗಾ, ಕೋಳಿಗೆ ನೀರು ಕುಡ್ಸು. ಅಷ್ಟು ಅನ್ನ ಕಟ್ಕಂಡಿತ್ತು, ಗಂಟ್ಲು ಒಣಗಿರ್ತದೆ ಪಾಪ."

ನನ್ನ ಕಿವಿ ಸರಿ ಇದೆಯಾ ಅಂತ ಅನುಮಾನ ಬಂತು. ಅಮ್ಮ ಕೆಟ್ಟವಳಲ್ಲ. ಅಕ್ಕನ ಹೆರಿಗೆ ಆದಾಗಿಂದ ಅವಳು ಸರಿಯಾಗಿ ಮಲಗಿಲ್ಲ. ಹಾಗಿದ್ದೂ ಪಾಪ ಅನ್ನುವ ಮಾತು ಕೋಳಿಗೆ ಬಂತು, ಮಗಳಿಗೆ ಬರಲಿಲ್ಲ.

ಹಂಡೆಯಿಂದ ಒಂದು ಚೊಂಬು ಬಿಸಿನೀರು ತೋಡಿ, ಆರಿಸಿ ತಂದೆ. ಅಂಗಳಕ್ಕೆ ಹೋಗಲಿಲ್ಲ. ಅಕ್ಕನ ಕೈಗೆ ಕೊಟ್ಟೆ.

"ಏಯ್! ಎಂತ ಮಾಡ್ತಿದೀಯ?" ಅಮ್ಮ ಚೊಂಬಿಗೆ ಕೈ ಹಾಕಿದಳು.

"ಬಿಡು ಕೈ. ಕೂಸಿಗೆ ಏನಾದ್ರೂ ಆದ್ರೆ ನನ್ನ ಕಡಿ," ಅಂದೆ.

ಅಕ್ಕ ಉಸಿರು ತೆಗೆಯದೆ ಕುಡಿದಳು. ಕೊರಳಲ್ಲಿ ನೀರು ಇಳಿಯುವುದು ಕಾಣುತ್ತಿತ್ತು. ಕುಡಿದು ಚೊಂಬನ್ನು ನನಗೆ ಕೊಡಲಿಲ್ಲ. ಅಮ್ಮನ ಮುಂದೆ ಹಿಡಿದಳು. "ಇನ್ನೊಂಚೂರು," ಅಂದಳು.

ಅಮ್ಮ ಅವಳ ಒಡೆದ ತುಟಿ ನೋಡಿದಳು. ಚೊಂಬು ಇಸ್ಕೊಂಡು ಹಂಡೆಯ ಕಡೆ ಹೋದಳು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಈಗಲೂ ಎಷ್ಟೋ ಕತ್ತಲೆ ಕೋಣೆಗಳಲ್ಲಿ ಬಾಣಂತಿಯರು ಒಣ ಅನ್ನ ನುಂಗುತ್ತ ಕೂತಿದ್ದಾರೆ. ಓದುತ್ತಿರುವ ಗಂಡಸರೇ, ಪೇಪರ್ ಕೆಳಗಿಟ್ಟು ಒಳಗೆ ಹೋಗಿ. ನೀರು ಬೇಕಾ ಅಂತ ಕೇಳಿ. ನನ್ನ ಹತ್ತಿರ ಬೇರೆ ಮಾತಿಲ್ಲ.