ಕೂತ್ಕೋ ಮೇಡಂ

ಕಾಡಿನಲ್ಲಿ ದಾರಿ ತಪ್ಪಿದವರು ಜೀವ ಉಳಿಸಿಕೊಳ್ಳುವುದು ಹೇಗೆಂದು ಕಲಿಸುವುದು ಅವಳ ಕಸುಬು. ಶಿಷ್ಯರು ಬೆನ್ನ ಹಿಂದೆ ಇಟ್ಟ ಹೆಸರು ‘ಕೂತ್ಕೋ ಮೇಡಂ’. ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಗ್ಗದ ಸುರುಳಿ, ಟಾರ್ಪಾಲುಗಳ ನಡುವೆ ನಿಂತು ಅವಳು ಹೇಳುವ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ: ದಾರಿ ತಪ್ಪಿತೋ, ಇದ್ದಲ್ಲೇ ಕೂತುಕೋ, ಹುಡುಕುವವರು ಬರುತ್ತಾರೆ.

ಇಷ್ಟು ಸಣ್ಣ ಮಾತು ಯಾರ ತಲೆಗಾದರೂ ಹೋಗಬೇಕಲ್ಲ! ಬರುವವರೆಲ್ಲ ಸೊಂಟಕ್ಕೆ ಮೊಳದುದ್ದದ ಚಾಕು ಸಿಕ್ಕಿಸಿಕೊಂಡೇ ಬರುತ್ತಾರೆ.

“ಕಲ್ಲಿಗೆ ಕಲ್ಲು ಉಜ್ಜಿ ಬೆಂಕಿ ಮಾಡೋದು ಯಾವಾಗ ಮೇಡಂ?”

“ಮೊದ್ಲು ಕೂತ್ಕೊಳ್ಳಪ್ಪಾ!”

ಹೇಳಿ ಹೇಳಿ ಅವಳ ಕೂದಲು ಹಣ್ಣಾಯಿತು. ಹರೆಯದಲ್ಲಿ ಅವಳು ಕಾಣೆಯಾದವರನ್ನು ಹುಡುಕುವ ತಂಡದಲ್ಲಿದ್ದಳು. ಸುಮ್ಮನೆ ಕೂತಿದ್ದರೆ ಮಧ್ಯಾಹ್ನದೊಳಗೆ ಸಿಗುತ್ತಿದ್ದವರನ್ನು, ನಡೆದೂ ನಡೆದೂ ಕಂದಕಕ್ಕೆ ಬಿದ್ದ ಮೇಲೆ ಹೊತ್ತು ತಂದವಳು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಇಂಥವಳ ಹೊಟ್ಟೆಯಲ್ಲಿ ನಿಂತಲ್ಲಿ ನಿಲ್ಲದ ಮಗಳೊಬ್ಬಳು ಹುಟ್ಟಿದಳು. ಅವಳಿಗೂ ಇದೇ ಕೆಲಸ ಬೇಕಂತೆ. ಜನರನ್ನು ಕಾಡಿಗೆ ಕರೆದೊಯ್ಯಲು ಪರವಾನಗಿ ಬೇಕು, ಅದಕ್ಕೊಂದು ಪರೀಕ್ಷೆ. ಮರದಡಿ ಒಬ್ಬಳೇ ಕೂರಬೇಕು, ಪರೀಕ್ಷಕರು ಬಂದು ಕರೆಯುವವರೆಗೆ ಏಳಬಾರದು. ಅವರು ಬೇಕೆಂದೇ ತಡಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಪರೀಕ್ಷಕಿ ತಾಯಿಯೇ. ಮೊದಲ ಸಲ ಅವಳು ತಡಮಾಡಿ ಹೊರಟರೆ, ಅರ್ಧ ದಾರಿಯಲ್ಲೇ ಮಗಳು ಏದುಸಿರು ಬಿಡುತ್ತಾ ಎದುರಾದಳು. ಎರಡನೆಯ ಸಲವೂ ಅದೇ ಹಾಡು. ಮೂರನೆಯ ಸಲ ತಾಯಿಗೆ ತಲೆ ಕೆಟ್ಟುಹೋಯಿತು.

“ನಿನ್ನೇನು ಮುಳ್ಳಿನ ಮೇಲೆ ಕೂರ್ಸಿದ್ನಾ? ತಡ ಮಾಡ್ತೀನಿ ಅಂತ ಗೊತ್ತಿತ್ತು ತಾನೇ?”

“ಗೊತ್ತಿತ್ತಮ್ಮ. ಆದ್ರೆ ಬೆಳಿಗ್ಗೆ ನೀನು ಮಂಡಿ ನೋವು ಅಂತ ಕುಂಟ್ತಿದ್ದೆ. ಆ ಜಾರೋ ಬಂಡೆ ಮೇಲೆ ಬಿದ್ದಿದ್ರೆ? ನೀನು ಬಿದ್ದಲ್ಲೇ ಕೂತಿರ್ತೀಯ. ನಾನೂ ಕೂತಿದ್ರೆ ನಿನ್ನ ಹುಡುಕೋರು ಯಾರು?”

ಆ ಮಾತು ತಾಯಿಯ ಕರುಳಿಗೇ ತಾಕಿತು. ಆದರೂ ಅಲ್ಲೇ ದಾರಿಯಲ್ಲೇ ಫೇಲು ಮಾಡಿದಳು.

“ಪಾಸ್ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದು ಮನೆಯಲ್ಲಿ ಗಂಡ ಬಾಯಿ ಹಾಕಿದ.

“ಇವಳ್ನ ನಂಬಿ ಬೇರೆಯವರ ಮಕ್ಳು ಕಾಡಿಗೆ ಹೋಗ್ತಾರೆ ಕಣ್ರೀ. ನೀವು ಸುಮ್ನಿರಿ.”

ಉಳಿದದ್ದು ಒಂದೇ ಅವಕಾಶ. ಅದೂ ತಪ್ಪಿದರೆ ಈ ಕೆಲಸದ ಆಸೆಯನ್ನೇ ಮಗಳು ಬಿಡಬೇಕು. ತಾಯಿ ತಾನಾಗಿಯೇ ಹಿಂದೆ ಸರಿದು, ಪಕ್ಕದ ಊರಿನ ಪರೀಕ್ಷಕನನ್ನು ಕರೆಸಿದಳು. ಆತನೋ ಉಬ್ಬಸದವನು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವವನು. ಇಂಥವನು ತಡಮಾಡಿದರೆ ಮಗಳು ಎದ್ದು ಓಡದೆ ಇರುತ್ತಾಳೆಯೇ? ಕಾಡಿನ ಗೇಟಿನ ಬಳಿ ತಾಯಿ ಇಡೀ ದಿನ ಉಗುರು ಕಚ್ಚಿದಳು, ಮಗಳಿಗೂ ಬೈದಳು, ತನಗೂ ಬೈದುಕೊಂಡಳು.

ಹೊತ್ತು ಇಳಿಯುವಾಗ ಇಬ್ಬರೂ ಬಂದರು.

“ಮೇಡಂ, ನಿಮ್ಮ ಮಗಳು ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ. ಪಾಸು!” ಎಂದು ಪರೀಕ್ಷಕ ಏದುತ್ತಾ ಹೇಳಿದ.

ತಾಯಿಗೆ ಖುಷಿಯ ಜೊತೆಗೇ ಉರಿಯೂ ಹತ್ತಿತು. ಮಗಳನ್ನು ಪಕ್ಕಕ್ಕೆಳೆದಳು.

“ಪಾಪ, ಅವ್ರಿಗೆ ಉಬ್ಬಸ. ಎಲ್ಲಾದ್ರೂ ಬಿದ್ದಿದ್ರೆ ಅಂತ ಅನ್ನಿಸ್ಲೇ ಇಲ್ವೇನೇ ನಿಂಗೆ?”

“ಅನ್ನಿಸ್ತಮ್ಮ. ಆದ್ರೆ ಬಿದ್ರೆ ಹುಡುಕೋಕೆ ಗೇಟಲ್ಲಿ ನೀನಿದ್ಯಲ್ಲ, ಅದಕ್ಕೇ ಕೂತಿದ್ದೆ.”