ಐವತ್ತಾರರಿಂದ ಹೊಳ್ಳಿ ಬರುವ ದಾರಿ

ತಪ್ಪು ನನ್ನದೇ. ಬ್ಯಾಡಗಿಯ ಶಾಲೆಯಲ್ಲಿ ನಮ್ಮ ಲೆಕ್ಕದ ಅಕ್ಕೋರ ಧ್ವನಿಯನ್ನು ಕಲಿತಷ್ಟು ಚೆನ್ನಾಗಿ ಅವರ ಲೆಕ್ಕವನ್ನು ಕಲಿಯಲಿಲ್ಲ. ಮಗ್ಗಿಯನ್ನು ಗಿಣಿಯಂತೆ ಒಪ್ಪಿಸುತ್ತಿದ್ದೆ. ಭಾಗಾಕಾರ ಬಂದರೆ ಬಾಯಿಗೆ ಬೀಗ. ಅವರು ಸೀಮೆಸುಣ್ಣದ ಕೈಯಿಂದಲೇ ಹಣೆ ಒತ್ತಿಕೊಳ್ಳುತ್ತಿದ್ದರು. "ಮಗ್ಗಿ ಹೋಗೂ ದಾರಿ, ಭಾಗಾಕಾರ ಅದ ದಾರ್ಯಾಗ ಹೊಳ್ಳಿ ಬರೂದು. ಎಷ್ಟ ಸಲ ಹೇಳಬೇಕೋ?" ಸಂಜೆಯೊಳಗೆ ಅವರ ಹಣೆ ವಿಭೂತಿ ಬಳಿದಂತಿರುತ್ತಿತ್ತು.

ಹಾವೇರಿಯ ಮಿಮಿಕ್ರಿ ಸ್ಪರ್ಧೆಗೆ ನನ್ನ ಹೆಸರು ಬರೆಯಲು ಅವರು ಒಂದೇ ಷರತ್ತು ಹಾಕಿದರು: "ಐವತ್ತಾರನ್ನ ಎಂಟರಿಂದ ಭಾಗಿಸು."

ಬೆರಳು ಮಡಚಿ ಎಣಿಸಿ ನೋಡಿದೆ. ಕೊನೆಗೆ ಅವರದೇ ಧ್ವನಿಯಲ್ಲಿ ನನ್ನನ್ನೇ ಗದರಿಸಿಕೊಂಡೆ: "ಎಂಟ ಎಷ್ಟ್ಲೆ ಐವತ್ತಾರೋ, ದಡ್ಡಾ?" ಅದೇ ಧ್ವನಿಯಲ್ಲಿ ತಟ್ಟನೆ ಉತ್ತರವೂ ಬಂತು: "ಏಳು!" ತರಗತಿಯೆಲ್ಲ ನಕ್ಕಿತು.

ಅಕ್ಕೋರು ಮಾತ್ರ ನಗಲಿಲ್ಲ. "ಉತ್ತರ ಹೇಳಿದಾಕಿ ನಾನು. ಹಾವೇರಿಗೂ ನಾನ ಹೋಗತೇನಿ. ನೀ ಇಲ್ಲೆ ಕುಂತು ಭಾಗಾಕಾರ ಮಾಡು."